ಫೋನಿಗೆ ಬೀಗ ಇದೆ, ಸಿಮ್ಮಿಗೆ?

ತಿಪಟೂರಿನ ಎಪಿಎಂಸಿಯಲ್ಲಿ ಕೊಬ್ಬರಿ ಮಾರಿದವರು ಹಿಂದೆಲ್ಲ ದುಡ್ಡನ್ನು ಪಟಾಪಟಿ ಚಡ್ಡಿಯ ಜೇಬಿಗೆ ಸೇರಿಸಿ, ಬಸ್ಸು ಊರು ಮುಟ್ಟುವವರೆಗೂ ಅದರ ಮೇಲಿಂದ ಕೈ ತೆಗೆಯುತ್ತಿರಲಿಲ್ಲ. ಈಗ ದುಡ್ಡು ಬ್ಯಾಂಕ್ ಖಾತೆಗೆ ಬೀಳುತ್ತದೆ, ಬಿದ್ದ ಸುದ್ದಿ ಫೋನಿಗೆ ಬರುತ್ತದೆ. 2025ರಲ್ಲಿ ಉಂಡೆ ಕೊಬ್ಬರಿ ಕ್ವಿಂಟಲಿಗೆ 25,000 ರೂಪಾಯಿ ದಾಟಿದಾಗ, ಹತ್ತು ಕ್ವಿಂಟಲ್ ಹಾಕಿದ ಸಣ್ಣ ಬೆಳೆಗಾರನ ಖಾತೆಯಲ್ಲೂ ಎರಡೂವರೆ ಲಕ್ಷದ ಮೇಲೆ ಸೇರಿತು. ಚಿಕ್ಕನಾಯಕನಹಳ್ಳಿ, ತುರುವೇಕೆರೆ ಕಡೆಯ ತೋಟದ ಮನೆಗಳಲ್ಲಿ ವರ್ಷದ ಆದಾಯವೆಲ್ಲ ಹೀಗೆ ಒಂದು ಮೊಬೈಲ್ ನಂಬರಿಗೆ ಅಂಟಿಕೊಂಡಿದೆ.

ಈ ಅಂಕಣಕಾರನ ಚಿಕ್ಕಪ್ಪನ ಫೋನು ಕಳುವಾದದ್ದು ಚಿಕ್ಕನಾಯಕನಹಳ್ಳಿ ಬಸ್ಸು ಹತ್ತುವ ನೂಕುನುಗ್ಗಲಲ್ಲಿ. ಮನೆಗೆ ಬಂದ ಅವರು ಅಷ್ಟೇನೂ ಗಾಬರಿಯಾಗಿರಲಿಲ್ಲ. "ಲಾಕ್ ಐತಲ್ಲಪ್ಪ, ತಗಂಡು ಏನ್ ಮಾಡ್ಕಂತಾನೆ? ಬೆಳಗ್ಗೆ ಹೋಗಿ ಬೇರೆ ಸಿಮ್ಮು ತಂದ್ರಾಯ್ತು" ಅಂದರು.

ಬೆಳಗಾಗುವಷ್ಟರಲ್ಲಿ ಅವರ ನಂಬರಿನಿಂದ ನೆಂಟರ ವಾಟ್ಸಾಪ್ ಗುಂಪಿಗೆ ಸಂದೇಶ ಹೋಗಿತ್ತು: ಆಸ್ಪತ್ರೆಯಲ್ಲಿದ್ದೇನೆ, ಅರ್ಜೆಂಟಾಗಿ ದುಡ್ಡು ಬೇಕು, ಈ ನಂಬರಿಗೆ ಹಾಕಿ. ಚಿಕ್ಕಪ್ಪನ ಫೋನಿಗೆ ಕರೆ ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ. ಅದರಿಂದಲೇ ಇನ್ನಷ್ಟು ಗಾಬರಿಯಾದ ಸೋದರತ್ತೆ ಐದು ಸಾವಿರ ಕಳಿಸಿಬಿಟ್ಟಿದ್ದರು.

ಫೋನಿನ ಲಾಕನ್ನು ಕಳ್ಳ ಮುಟ್ಟಿಯೇ ಇರಲಿಲ್ಲ. ಪಿನ್ನಿನಿಂದ ಸಿಮ್ ಟ್ರೇ ಹೊರಗೆಳೆದು, ಸಿಮ್ಮನ್ನು ತನ್ನ ಹ್ಯಾಂಡ್‌ಸೆಟ್ಟಿಗೆ ಹಾಕಿದರೆ ಸಾಕಾಗಿತ್ತು. ಪರದೆಯ ಲಾಕು ಫೋನಿನೊಳಗಿನ ಫೋಟೊ, ಸಂದೇಶ, ಆ್ಯಪ್‌ಗಳನ್ನು ಕಾಯುತ್ತದೆ, ಸಿಮ್ಮನ್ನು ಕಾಯುವುದಿಲ್ಲ. ಹೊಸ ಹ್ಯಾಂಡ್‌ಸೆಟ್ಟಿನಲ್ಲಿ ವಾಟ್ಸಾಪ್ ಹಾಕಿ ಅದೇ ನಂಬರು ಕೊಟ್ಟರೆ ಒಟಿಪಿ ಅಲ್ಲಿಗೇ ಬರುತ್ತದೆ. ಹಳೆಯ ಮಾತುಕತೆ ಸಿಗದಿದ್ದರೂ ಗುಂಪುಗಳು ಕಾಣಿಸುತ್ತವೆ. ವಾಟ್ಸಾಪ್‌ನ ಎರಡು ಹಂತದ ಪರಿಶೀಲನೆಯಲ್ಲಿ ಆರಂಕಿಯ ಪಿನ್ ಮೊದಲೇ ಇಟ್ಟಿದ್ದರೆ ಕಳ್ಳ ಅಲ್ಲಿಗೇ ನಿಲ್ಲುತ್ತಿದ್ದ.

ಖಾತೆಯ ದುಡ್ಡು ಮಾತ್ರ ಹೋಗಿರಲಿಲ್ಲ. ಕಾರಣ ಒಂದೇ, ಅವರ ಎಟಿಎಂ ಕಾರ್ಡು ಮನೆಯ ಬೀರುವಿನಲ್ಲಿತ್ತು.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಂತೆಯಲ್ಲೋ ಬಸ್ಸಿನಲ್ಲೋ ಅಕ್ಕಪಕ್ಕದವರ ಫೋನು ನೋಡಿದರೆ, ಪುಸ್ತಕದಂತೆ ಮಡಚುವ ಕವರಿನ ಒಳಗೆ ಎಟಿಎಂ ಕಾರ್ಡು, ಅದರ ಹಿಂದೆ ಆಧಾರ್, ನಡುವೆ ನಾಲ್ಕಾಗಿ ಮಡಚಿದ ನೋಟು ಇರುವುದು ಮಾಮೂಲು. ಇನ್ನು ಯುಪಿಐ ಪಿನ್ ಹೊಸದಾಗಿ ಇಡಲು ಏನು ಬೇಕು? ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅದರ ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ನಂಬರಿಗೆ ಬರುವ ಒಟಿಪಿ. ಕೆಲವು ಬ್ಯಾಂಕುಗಳು ಎಟಿಎಂ ಪಿನ್ನನ್ನೂ ಕೇಳುತ್ತವೆ. ಆಧಾರ್ ಮತ್ತು ಒಟಿಪಿ ಬಳಸಿ ಪಿನ್ ಇಡುವ ದಾರಿಯೂ ಇದೆ. ಅಂದರೆ ಕಾರ್ಡು, ಆಧಾರ್, ಸಿಮ್ ಮೂರನ್ನೂ ಒಂದೇ ಕವರಿನಲ್ಲಿ ಇಟ್ಟುಕೊಂಡವರು ಖಾತೆಯನ್ನು ಕಟ್ಟಿ ಕೊಟ್ಟಂತೆಯೇ. ಖಾತೆಯಲ್ಲಿ ಎಷ್ಟಿದೆ ಎಂದು ತಿಳಿಯಲು ಆ ಸಿಮ್ಮಿನಿಂದ ಬ್ಯಾಂಕಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರಾಯಿತು. ಹೊಸ ಫೋನಿನಲ್ಲಿ ಯುಪಿಐ ಶುರು ಮಾಡಿದ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಯ ಮಿತಿ ಇರುತ್ತದೆ. ಎಚ್ಚೆತ್ತುಕೊಳ್ಳಲು ಸಿಗುವ ಅವಕಾಶ ಅಷ್ಟೇ.

ಈ ದಾರಿಯನ್ನು ಹುಡುಕಿದವರು ನಮ್ಮ ಕಡೆಯ ಕಳ್ಳರೇನಲ್ಲ. 2021ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಫೋನು ಕದ್ದವರು ಸಿಮ್ಮನ್ನು ಬೇರೆ ಹ್ಯಾಂಡ್‌ಸೆಟ್ಟಿಗೆ ಹಾಕಿ, ಪಾಸ್‌ವರ್ಡ್ ಬದಲಿಸಿ, ಬ್ಯಾಂಕ್ ಖಾತೆ ಖಾಲಿ ಮಾಡುವುದು ದೊಡ್ಡ ಸುದ್ದಿಯಾಗಿತ್ತು. 2023ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ ಫೋನು, ನಂಬರು, ಬ್ಯಾಂಕ್ ಆ್ಯಪ್ ಎಲ್ಲಕ್ಕೂ ಒಟ್ಟಿಗೆ ತಡೆ ಕೇಳುವ ವ್ಯವಸ್ಥೆಯನ್ನೇ ತಂದಿತು. ಲಂಡನ್ನಿನಲ್ಲಿ ಕಳುವಾದ ಫೋನುಗಳು ಹಡಗು, ವಿಮಾನ ಹತ್ತುತ್ತವೆ. ಬ್ರಿಟನ್ನಿನಿಂದ ಚೀನಾಕ್ಕೆ ಸುಮಾರು 40,000 ಫೋನು ಸಾಗಿಸಿದ ಶಂಕೆಯ ಜಾಲವೊಂದನ್ನು ಭೇದಿಸಿದ್ದಾಗಿ ಅಲ್ಲಿನ ಪೊಲೀಸರು 2025ರ ಅಕ್ಟೋಬರಿನಲ್ಲಿ ಹೇಳಿದರು. ತೆರೆಯಲಾಗದ ಫೋನಿಗೂ ಡಿಸ್‌ಪ್ಲೇ, ಕ್ಯಾಮೆರಾ, ಬ್ಯಾಟರಿಯ ಬೆಲೆ ಇದ್ದೇ ಇದೆ. ಐಫೋನ್ ಕಳೆದುಕೊಂಡವರಿಗೆ "ನಿಮ್ಮ ಫೋನು ಸಿಕ್ಕಿದೆ, ಇಲ್ಲಿ ಒತ್ತಿ" ಎಂದು ಲಿಂಕ್ ಕಳಿಸಿ ಪಾಸ್‌ವರ್ಡ್ ಕಸಿಯುವುದು ಇದೇ ದಂಧೆಯ ಇನ್ನೊಂದು ಮುಖ.

ಕಾಸು ಖರ್ಚಿಲ್ಲದೆ ಇವತ್ತೇ ಮಾಡಬಹುದಾದ ಕೆಲಸ ಸಿಮ್ಮಿಗೂ ಬೀಗ ಹಾಕುವುದು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಭದ್ರತೆಯ ವಿಭಾಗದೊಳಗೆ ಸಿಮ್ ಲಾಕ್ ಇದೆ. ಐಫೋನ್‌ನಲ್ಲಿ ಮೊಬೈಲ್ ಡೇಟಾದ ಕೆಳಗೆ ಸಿಮ್ ಪಿನ್ ಇದೆ. ಇದನ್ನು ಹಾಕಿದ ಮೇಲೆ ಸಿಮ್ ಬೇರೆ ಫೋನಿಗೆ ಹೋದರೂ ಪಿನ್ ಕೊಡದೆ ನೆಟ್‌ವರ್ಕ್ ಹಿಡಿಯುವುದಿಲ್ಲ. ಮೊದಲ ಸಲ ಹಾಕುವಾಗ ಕಂಪನಿ ಕೊಟ್ಟ ಪಿನ್ ಬೇಕಾಗುತ್ತದೆ. ಅದನ್ನು ಅಂದಾಜಿನ ಮೇಲೆ ಒತ್ತಬಾರದು, ಕಸ್ಟಮರ್ ಕೇರ್‌ನಲ್ಲಿ ಕೇಳಿಕೊಳ್ಳಬೇಕು. ಮೂರು ಸಲ ತಪ್ಪಿದರೆ ಪಿಯುಕೆ ಸಂಖ್ಯೆ ಕೇಳುತ್ತದೆ. ಅದೂ ಹತ್ತು ಸಲ ತಪ್ಪಿದರೆ ಸಿಮ್ ಕೆಲಸಕ್ಕೆ ಬಾರದು. ಲಾಕ್ ಆದ ಪರದೆಯ ಮೇಲೆ ಒಟಿಪಿ ಕಾಣದ ಹಾಗೆ ನೋಟಿಫಿಕೇಶನ್ ಮುಚ್ಚುವುದು, ಕಾರ್ಡು ಮತ್ತು ಆಧಾರನ್ನು ಕವರಿನಿಂದ ತೆಗೆದಿಡುವುದು ಇದರ ಜೊತೆಗೇ ಆಗಬೇಕು.

ಫೋನು ಹೋಗಿದ್ದು ಗೊತ್ತಾದ ತಕ್ಷಣ ಪಕ್ಕದವರ ಫೋನಿನಿಂದಲಾದರೂ ಮೊದಲು ಸಿಮ್ ನಿಲ್ಲಿಸಬೇಕು. ಆಮೇಲೆ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ಮೊಬೈಲ್ ಬ್ಯಾಂಕಿಂಗ್, ಕಾರ್ಡು ತಡೆಸಬೇಕು. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಬೇಕು. ಬ್ಯಾಂಕಿಗೆ ತಿಳಿಸಿದ ಹೊತ್ತು ಮತ್ತು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳುವುದು ಮುಖ್ಯ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮದ ಪ್ರಕಾರ, ಗ್ರಾಹಕನದೂ ಬ್ಯಾಂಕಿನದೂ ಅಲ್ಲದ ಲೋಪದಿಂದ ಹೋದ ದುಡ್ಡಿನ ಬಗ್ಗೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆಯಿಲ್ಲ. ಗ್ರಾಹಕನ ಅಜಾಗರೂಕತೆಯೇ ಕಾರಣವಾಗಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು.

ಡೂಪ್ಲಿಕೇಟ್ ಸಿಮ್ ತೆಗೆದುಕೊಂಡ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ. ವಂಚನೆ ತಡೆಯಲು ದೂರಸಂಪರ್ಕ ಇಲಾಖೆಯೇ ಮಾಡಿರುವ ನಿಯಮ ಅದು. ಹಾಗಾಗಿ ಒಟಿಪಿಯೂ ಬರದು. ಕಾಯಿ ಕೀಳುವವರಿಗೆ ಕೂಲಿ ಕೊಡುವುದಿದ್ದರೆ ಆ ದಿನ ಪಾಸ್‌ಬುಕ್ ಹಿಡಿದು ಶಾಖೆಗೇ ಹೋಗಬೇಕು. ಚಿಕ್ಕಪ್ಪನೂ ಹಾಗೇ ಮಾಡಿದರು.

ಎಸ್‌ಎಂಎಸ್ ಬರತೊಡಗಿದ ಮೇಲೆ ಪೊಲೀಸ್ ದೂರಿನ ಪ್ರತಿ, ಫೋನಿನ ಡಬ್ಬಿಯ ಮೇಲಿರುವ ಐಎಂಇಐ ಸಂಖ್ಯೆ ಇಟ್ಟುಕೊಂಡು ದೂರಸಂಪರ್ಕ ಇಲಾಖೆಯ ಸಿಇಐಆರ್ ಪೋರ್ಟಲ್‌ನಲ್ಲಿ ಹ್ಯಾಂಡ್‌ಸೆಟ್ಟನ್ನೇ ತಡೆಯಬಹುದು. 2023ರ ಮೇ ತಿಂಗಳಿನಿಂದ ಇದು ದೇಶದೆಲ್ಲೆಡೆ ಇದೆ. ಡಬ್ಬಿ ಎಸೆದಿರುವವರು ಈಗಲೇ *#06# ಒತ್ತಿ ಆ ಸಂಖ್ಯೆಯನ್ನು ಪಾಸ್‌ಬುಕ್ಕಿನ ಹಿಂದೆ ಬರೆದಿಡಬಹುದು. ತಡೆದ ಫೋನಿಗೆ ಯಾರಾದರೂ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಸಿಗುತ್ತದೆ. 2025ರ ಕೊನೆಯ ಹೊತ್ತಿಗೆ ಈ ವ್ಯವಸ್ಥೆಯಿಂದ ಕರ್ನಾಟಕದಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಫೋನುಗಳು ಮರಳಿ ಸಿಕ್ಕಿವೆ. ಸಿಕ್ಕ ಫೋನನ್ನು ಬಳಸುವ ಮೊದಲು ಅದೇ ಪೋರ್ಟಲ್‌ನಲ್ಲಿ ತಡೆ ತೆಗೆಸಬೇಕು. ತಡೆ ಕೇಳಿದಾಗ ಕೊಟ್ಟ ಕೋರಿಕೆ ಸಂಖ್ಯೆ ಅದಕ್ಕೆ ಬೇಕಾಗುತ್ತದೆ.