ಗೋಷ್ಠಿಯಲ್ಲಿ ಕಾಯಕವಂತನ ಮಾತು

ಆತ್ಮಸ್ತುತಿಯು ದೋಷವೆಂಬುದನ್ನು ಪಾಠಶಾಲೆಯ ಬಾಲಕನೂ ಬಲ್ಲನು. ಆದರೆ ಕಾಯಕದಿಂದ ಸಂಸಾರವನ್ನು ನಡೆಸುವ ಗೃಹಸ್ಥನು ತನ್ನ ಸರಕಿನ ಗುಣವನ್ನು ತಾನು ಹೇಳದಿದ್ದರೆ ಕೊಳ್ಳುವವನಿಗೆ ತಿಳಿಯುವುದೆಂತು? ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆಗಳ ಕಡೆಯ ಸದ್ಭಕ್ತರಲ್ಲಿ ಹಲವರು ಈ ಸಂದೇಹವನ್ನು ಮುಂದಿಟ್ಟಿರುವರು. ಅವರಲ್ಲಿ ಬಹುಮಂದಿ ಕಾಫಿ ಬೆಳೆಗಾರರು. ತೋಟದ ಕಷ್ಟಸುಖಗಳನ್ನು ವಿಚಾರಿಸುವ ಸಭೆಗಳಿಗೆ ಹೋಗಿಬರುವವರು. ಅಂತಹ ಸಭೆಯಲ್ಲಿ ಬೆಳೆಗಾರನಿರುವನು, ಗೊಬ್ಬರ ಔಷಧಿಗಳ ವ್ಯಾಪಾರಿಯಿರುವನು, ಸಸಿ ಬೆಳೆಸಿ ಮಾರುವವನಿರುವನು, ಕಾಫಿ ಕೊಳ್ಳುವವನೂ ಇರುವನು. ಒಬ್ಬನೇ ಈ ನಾಲ್ವರೂ ಆಗಿರುವುದುಂಟು. ತೊಡಕು ಅಲ್ಲಿಯೇ ಹುಟ್ಟುವುದು.

ನಮ್ಮ ತಂದೆಯವರ ಕಾಲದಲ್ಲಿ ಈ ತೊಡಕು ಇಷ್ಟು ತೀವ್ರವಾಗಿರಲಿಲ್ಲ. 1942ರ ಕಾಫಿ ಕಾಯಿದೆಯಂತೆ ಬೆಳೆಗಾರನು ತನ್ನ ಬೆಳೆಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸುತ್ತಿದ್ದನು; ಮಾರುವ ಹೊಣೆ ಮಂಡಳಿಯದಾಗಿತ್ತು. 1992ರಿಂದ ಆ ಕಟ್ಟು ಸಡಿಲವಾಗುತ್ತ ಬಂದು 1996ರಲ್ಲಿ ಮಾರಾಟವು ಪೂರ್ಣವಾಗಿ ಮುಕ್ತವಾಯಿತು. ಅಂದಿನಿಂದ ಬೆಳೆಗಾರನು ವರ್ತಕನೂ ಆಗಿ ತನ್ನ ಹೆಸರನ್ನು ತಾನೇ ಹೊತ್ತು ತಿರುಗಬೇಕಾಯಿತು. ಇದನ್ನು ನಾನು ದೋಷವೆನ್ನಲಾರೆನು. ಹೆಸರನ್ನು ಎಲ್ಲಿ ಹೇಳಬೇಕು, ಎಲ್ಲಿ ಇಳಿಸಿಡಬೇಕು ಎಂಬುದಷ್ಟೇ ವಿಚಾರಣೀಯವಾದುದು.

12ನೆಯ ಶತಮಾನದ ಕಲ್ಯಾಣದಲ್ಲಿ ನೆರೆದ ಶರಣರೂ ಕಾಯಕಜೀವಿಗಳೇ ಅಲ್ಲವೆ? ಅವರ ಹೆಸರುಗಳನ್ನು ಗಮನಿಸಿರಿ: ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ. ಹೆಸರಿಗಿಂತ ಮೊದಲು ಕಾಯಕವೇ ಬಂದು ನಿಲ್ಲುವುದು. ಯಾರೂ ತಮ್ಮ ವೃತ್ತಿಯನ್ನು ಮರೆಮಾಚಲಿಲ್ಲ. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸನಾಗಿದ್ದನೆಂದು ಪರಂಪರೆ ಹೇಳುವುದು; ಶರಣರ ನಡುವೆ ಅವನಿಗೆ ಉಳಿದ ಹೆಸರು ಸೌದೆಯ ಹೊರೆಯದು. ಇನ್ನು ವಚನದ ಅಂಕಿತವನ್ನು ನೋಡಿರಿ. ಮಾಚಯ್ಯನದು ಕಲಿದೇವರದೇವ, ಚಂದಯ್ಯನದು ಚಂದೇಶ್ವರಲಿಂಗ, ಕೇತಯ್ಯನದು ಗವರೇಶ್ವರ. ಕೇತಯ್ಯನು ಬುಟ್ಟಿ ಮೊರಗಳನ್ನು ಹೆಣೆದು ಮಾರಿ ದಾಸೋಹ ನಡೆಸಿದವನು. ಅವನ ವಚನದ ಕೊನೆಗೆ ಬುಟ್ಟಿಯ ಕ್ರಯವು ಬರುವುದಿಲ್ಲ. ಅಂಕಿತವು ಇಷ್ಟದೈವದ ಸ್ಮರಣೆಯೇ ಹೊರತು ಸಭಾಮರ್ಯಾದೆಯಲ್ಲವೆಂದು ಪಂಡಿತರು ಆಕ್ಷೇಪಿಸಬಹುದು, ಒಪ್ಪುವೆನು. ಆದರೂ ಕಾಯಕವನ್ನು ಬಾಗಿಲಲ್ಲಿಯೇ ಬಿಚ್ಚಿ ಹೇಳಿ, ಒಳಗೆ ನುಡಿಯುವಾಗ ತನ್ನನ್ನು ಹಿಂದಿರಿಸಿಕೊಳ್ಳುವ ಈ ಕ್ರಮವು ನಮ್ಮ ಸಭೆಗಳಿಗೆ ತಕ್ಕ ಪಾಠವಾಗಿದೆ.

ಇದಕ್ಕೊಂದು ಅಪವಾದವುಂಟು. ಅಂಬಿಗರ ಚೌಡಯ್ಯನು ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡನು. ಇದು ಅಹಂಕಾರವೆ? ಆತನಷ್ಟು ನಿಷ್ಠುರವಾಗಿ ನುಡಿದ ವಚನಕಾರರು ವಿರಳ. ಖಂಡಿಸುವ ನುಡಿಯ ಕೆಳಗೆ ತನ್ನ ಹೆಸರಿಡುವವನು ಬರುವ ಪೆಟ್ಟಿಗೂ ಬೆನ್ನೊಡ್ಡುವನು. ಲಾಭಕ್ಕಾಗಿ ಇಡುವ ಹೆಸರು ಬೇರೆ, ಹೊಣೆಗಾಗಿ ಇಡುವ ಹೆಸರು ಬೇರೆ ಎಂದು ನಾನು ಇದನ್ನು ಅರ್ಥೈಸುವೆನು.

ಉಪಕಾರ ಮಾಡಿದ ಮಾತ್ರಕ್ಕೆ ಈ ದೋಷ ಕಳೆಯುವುದೆಂದೂ ತಿಳಿಯಬಾರದು. ಸೊನ್ನಲಿಗೆಯ ಸಿದ್ಧರಾಮನು ಕೆರೆ ದೇಗುಲಗಳನ್ನು ಕಟ್ಟಿಸಿದ ಮಹಾನುಭಾವನು. ಅಲ್ಲಮಪ್ರಭುವು ಅಲ್ಲಿಗೆ ಬಂದು ಅವನನ್ನು ವಡ್ಡನೆಂದು ಕರೆದುದನ್ನೂ, ಕೆಲಸಗಾರರು ಕೆರಳಿ ಕಲ್ಲೆಸೆದುದನ್ನೂ ಶೂನ್ಯಸಂಪಾದನೆಯು ನಿರೂಪಿಸಿದೆ. ಕೆರೆಯ ನೀರಿನಲ್ಲಿ ದೋಷವಿರಲಿಲ್ಲ. ನಾನು ಕಟ್ಟಿಸಿದೆನೆಂಬ ಭಾವವನ್ನು ಪ್ರಭುವು ಕೆದಕಿದನು.

ಈಗ ತೋಟಕ್ಕೆ ಬರೋಣ. ಅರೇಬಿಕಾ ಗಿಡದ ಎಲೆ ಹಳದಿಗಟ್ಟಿ, ಕಾಂಡದ ಮೇಲೆ ಉಬ್ಬುಗೆರೆಗಳೆದ್ದು ಗಿಡ ಸೊರಗುತ್ತಿದೆಯೆಂದು ಸಣ್ಣ ಬೆಳೆಗಾರನೊಬ್ಬನು ಸಭೆಯಲ್ಲಿ ಕೇಳಿದನೆನ್ನಿ. ಇದು ಬಿಳಿ ಕಾಂಡಕೊರಕದ ಲಕ್ಷಣ. ಹುಳು ಕಾಂಡದೊಳಗೆ ಸೇರಿದ ಮೇಲೆ ಹೊರಗಿನ ಸಿಂಪರಣೆ ಅದನ್ನು ಮುಟ್ಟುವುದು ಕಷ್ಟ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ, ದುಂಬಿ ಹೊರಬೀಳುವ ಮುನ್ನ, ತಗುಲಿದ ಗಿಡಗಳನ್ನು ಗುರುತಿಸಿ ಕಿತ್ತು ಸುಡಬೇಕು. ಉಳಿದ ಗಿಡಗಳಿಗೆ ನೆರಳನ್ನು ಕಾಯಬೇಕು. ಕಾಂಡಕ್ಕೆ ಸುಣ್ಣ ಬಳಿಯಬಹುದು. ಕಿತ್ತು ಸುಡು ಎಂಬ ಬುದ್ಧಿವಾದದಿಂದ ಯಾವ ಅಂಗಡಿಗೂ ಬಿಡಿಗಾಸು ಹುಟ್ಟದು. ಸಭೆಯಲ್ಲಿರುವ ವ್ಯಾಪಾರಿಯ ನಿಜವಾದ ಪರೀಕ್ಷೆ ಇದೇ. ಸರಕು ಖರ್ಚಾಗದ ಉತ್ತರವನ್ನು ಅವನು ಮೊದಲು ಹೇಳುವನೋ, ಇಲ್ಲವೆ ಬಾಟಲಿಯೊಂದರ ಹೆಸರಿನಿಂದ ಆರಂಭಿಸುವನೋ?

ತಾನು ಔಷಧಿ ಮಾರುವವನೆಂಬುದನ್ನು ಮುಚ್ಚಿಟ್ಟು, ಬರಿಯ ಹಿತೈಷಿಯಂತೆ ಮಾತನಾಡಿ, ಮಾತಿನ ಕೊನೆಗೆ ತನ್ನ ಸರಕನ್ನು ನುಸುಳಿಸುವವನನ್ನು ನಾನು ಎಲ್ಲರಿಗಿಂತ ಕೀಳೆಂದು ಎಣಿಸುವೆನು. ನೇರವಾಗಿ ಡಂಗುರ ಹೊಡೆಯುವವನಾದರೂ ಅವನಿಗಿಂತ ವಾಸಿ. ಅವನಿಂದ ಎಚ್ಚರವಾಗಿರಲು ಕೇಳುವವನಿಗೆ ಎಡೆಯುಂಟು. ಬಲ್ಲವನಾದರೆ ಹೀಗೆ ನುಡಿಯಬಹುದು: "ಅಣ್ಣಾ, ನಾನು ಅಂಗಡಿಯವನು, ಆ ಮಾತು ಮೊದಲೇ ತಿಳಿದಿರಲಿ. ಈ ಗಿಡಕ್ಕೆ ಮದ್ದಿಲ್ಲ, ಕೀಳಿಸಿರಿ. ಸಂಶಯವಿದ್ದರೆ ಚೆಟ್ಟಳ್ಳಿಯ ಸಂಶೋಧನಾ ಉಪಕೇಂದ್ರದವರನ್ನು ವಿಚಾರಿಸಿರಿ. ಸುಣ್ಣ ನನ್ನಲ್ಲಿಯೂ ಉಂಟು. ಬೇರೆಡೆ ಕೊಂಡರೂ ಅದೇ ಕೆಲಸ ಮಾಡುವುದು."

ಹೀಗೆ ನುಡಿದವನ ಅಂಗಡಿ ನಡೆಯುವುದು ಹೇಗೆ ಎಂದು ಕೇಳುವಿರಿ. ಇಲ್ಲಿ ಕೇಳುಗನ ಋಣವೊಂದಿದೆ. ನಾವು ಅದನ್ನು ಆಗಾಗ ಮರೆಯುವೆವು. ಶರಣರ ವಚನಗಳಲ್ಲಿ ಒಬ್ಬರು ಇನ್ನೊಬ್ಬರನ್ನು ಕೊಂಡಾಡುವುದನ್ನು ಬೇಕಾದಷ್ಟು ಕಾಣುವೆವು. ಬಸವಣ್ಣನವರು ಎಷ್ಟು ಮಂದಿ ಶರಣರನ್ನು ಹೆಸರಿಸಿ ಸ್ತುತಿಸಿರುವರು! ತಾನು ಹೇಳಿಕೊಳ್ಳದವನ ಹೆಸರನ್ನು ಉಪಕಾರ ಪಡೆದವನು ನಾಲ್ಕು ಜನರಲ್ಲಿ ಹೇಳಬೇಕಾದುದು ನ್ಯಾಯ. ನಮ್ಮಲ್ಲಿ ನಡೆಯುವುದೇನು? ಬುದ್ಧಿವಾದವನ್ನು ಒಬ್ಬನಿಂದ ಧರ್ಮಾರ್ಥವಾಗಿ ಪಡೆದು, ನಾಲ್ಕು ಕಾಸು ಅಗ್ಗವೆಂದು ಸುಣ್ಣವನ್ನು ಮತ್ತೊಬ್ಬನಲ್ಲಿ ಕೊಂಡು, ಗಿಡ ಉಳಿದ ಮೇಲೆ ಅದು ತನ್ನದೇ ಉಪಾಯವೆಂದು ನೆರೆಯವನಿಗೆ ಹೇಳುವವರಿರುವರು. ಮುಂದಿನ ಸಭೆಯಲ್ಲಿಯೂ ಅವರು ಮುಂದಿನ ಸಾಲಿನಲ್ಲಿಯೇ ಕುಳಿತಿರುವರು.