ಹಾಸನ ಸೀಮೆಯ ರೈಲುದಾರಿಗಳು

ಒಂದು ಊರಿಗೆ ರೈಲು ಬಂದಿತೆಂದು ಹೇಳುವುದು ವಾಡಿಕೆ. ವಿಚಾರ ಮಾಡಿ ನೋಡಿದರೆ ಈ ಮಾತು ಅಷ್ಟು ಸರಿಯಲ್ಲ. ರೈಲುದಾರಿಯ ಗೆರೆ ಎಳೆಯುವವರ ಕಣ್ಣು ಸಾಮಾನ್ಯವಾಗಿ ಎರಡು ತುದಿಗಳ ಮೇಲಿರುತ್ತದೆ. ನಡುವಣ ಊರು ಆ ಗೆರೆಯ ಮೇಲೆ ಬಿದ್ದರೆ ಅದರ ಅದೃಷ್ಟ, ಬೀಳದಿದ್ದರೆ ಕಾಯಬೇಕು. ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆ ಹಾಗೆ 2017ರವರೆಗೆ ಕಾಯಿತು.

ಮೈಸೂರು ಸೀಮೆಯ ಮೊದಲ ರೈಲುದಾರಿ ಮದರಾಸಿನ ಕಡೆಯಿಂದ ಬಂದುದು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿನವರೆಗೆ ಅಗಲ ಹಳಿಯ ದಾರಿ ತೆರೆಯಿತು. 1876-78ರ ಮಹಾಕ್ಷಾಮದ ಹಿಂದೆಯೇ ಸಂಸ್ಥಾನವು ತನ್ನದೇ ಆದ ದಾರಿಯನ್ನು ಕೈಗೆತ್ತಿಕೊಂಡಿತು. ಅದು 1881ರಲ್ಲಿ ಚನ್ನಪಟ್ಟಣವನ್ನೂ 1882ರಲ್ಲಿ ಮೈಸೂರನ್ನೂ ಮುಟ್ಟಿತು. ಇದು ಮೀಟರ್ ಗೇಜ್ ದಾರಿ. ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್, ಎಂದರೆ 3 ಅಡಿ 3 ಅಂಗುಲಕ್ಕೆ ತುಸು ಮಿಕ್ಕ ಅಂತರ. ಮದರಾಸಿನ ದಾರಿಯಲ್ಲಿ ಇದು 5 ಅಡಿ 6 ಅಂಗುಲ. ಹಳಿ ಕಿರಿದಾದಷ್ಟೂ ಏರಿಯ ಮಣ್ಣು ಕಡಿಮೆ, ಸೇತುವೆ ಸಣ್ಣದು, ತಿರುವು ಬಿಗಿಯಾಗಿದ್ದರೂ ನಡೆಯುತ್ತದೆ. ಬಡ ಬೊಕ್ಕಸಕ್ಕೆ ಇದೇ ಒಗ್ಗಿದ್ದು. ಆದರೆ ಎರಡು ಅಳತೆಯ ಹಳಿಗಳು ಕೂಡುವ ಕಡೆ ಪ್ರತಿಯೊಂದು ಮೂಟೆಯನ್ನೂ ಇಳಿಸಿ ಮತ್ತೆ ಏರಿಸಬೇಕು. ಮೊದಲಲ್ಲಿ ಉಳಿಸಿದ ಹಣವನ್ನು ನೂರು ವರ್ಷ ಕೂಲಿಯಾಗಿ ತೆತ್ತೆವೆಂದರೆ ತಪ್ಪಾಗಲಾರದು.

ಹಾಸನ ಜಿಲ್ಲೆಯೊಳಗೆ ಮೊದಲು ಹಳಿ ಕಂಡದ್ದು ಹಾಸನವಲ್ಲ, ಅರಸೀಕೆರೆ. ಬೆಂಗಳೂರಿನಿಂದ ತುಮಕೂರಿನ ಮಾರ್ಗವಾಗಿ ಪುಣೆಯ ದಿಕ್ಕಿಗೆ ಹೊರಟ ದಾರಿ 1889ರ ಹೊತ್ತಿಗೆ ಹರಿಹರವನ್ನು ದಾಟುವಂತಾಯಿತು. ಅರಸೀಕೆರೆ ಆ ಗೆರೆಯ ಮೇಲೆ ಇದ್ದಿತು. ಜಿಲ್ಲೆಯ ಮುಖ್ಯಪಟ್ಟಣವು ಅಲ್ಲಿಂದ ಸುಮಾರು 47 ಕಿಲೋಮೀಟರು ದೂರದಲ್ಲಿ ಎತ್ತಿನ ಗಾಡಿಯನ್ನೇ ನಂಬಿ ಉಳಿಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (1912-1918) ಮೈಸೂರು-ಅರಸೀಕೆರೆ ದಾರಿಯ ಕೆಲಸ ನಡೆಯಿತು. ಕೃಷ್ಣರಾಜನಗರ, ಅಕ್ಕಿಹೆಬ್ಬಾಳು, ಮಂದಗೆರೆ, ಹೊಳೆನರಸೀಪುರಗಳನ್ನು ಹಾಯ್ದು ಹಾಸನವನ್ನು ಸೇರುವ ಈ ದಾರಿ ನಮ್ಮ ಸೀಮೆಯ ಹಿರಿಯ ದಾರಿ. ಇದರ ತುದಿಗಳು ಮೈಸೂರು ಮತ್ತು ಪುಣೆಯ ಹೆದ್ದಾರಿ. ಹೇಮಾವತಿಯ ಬಯಲಿನ ಊರುಗಳು ನಡುವೆ ಸಿಕ್ಕಿದವು. ಚನ್ನರಾಯಪಟ್ಟಣ ಪೂರ್ವಕ್ಕೆ ಬಿದ್ದಿತು, ಅರಕಲಗೂಡು ಪಶ್ಚಿಮಕ್ಕೆ ಬಿದ್ದಿತು.

ನಡುವಣ ಊರಿಗಾಗಿಯೇ ಹಾಕಿದ ಹಳಿಗಳು ಇಲ್ಲವೆ ಎಂದು ವಿದ್ಯಾರ್ಥಿಮಿತ್ರರು ಕೇಳಬಹುದು. ಇವೆ, ಅಥವಾ ಇದ್ದವು. ಫ್ರಾನ್ಸ್ ದೇಶದ ವಾಯವ್ಯ ಕರಾವಳಿಯಲ್ಲಿ ಬ್ರಿಟನಿ ಎಂಬ ಸೀಮೆಯಿದೆ. ಮೀನುಗಾರರ ಮತ್ತು ಸಣ್ಣ ರೈತರ ನಾಡು. ದೊಡ್ಡ ಕಂಪನಿಗಳ ಹಳಿ ಮುಟ್ಟದ ಊರುಗಳಿಗಾಗಿ ಫ್ರಾನ್ಸಿನಲ್ಲಿ 1880ರಲ್ಲಿ ಸ್ಥಳೀಯ ರೈಲು ಮತ್ತು ಟ್ರಾಮುಗಳ ಕಾನೂನೇ ಆಯಿತು. ಬ್ರಿಟನಿಯ ಕೋತ್-ದ್ಯು-ನೋರ್ ಎಂಬ ಜಿಲ್ಲೆಯ ಜಾಲ 1905ರಲ್ಲಿ ಓಡತೊಡಗಿತು; ಅದೂ ನಮ್ಮಂತೆಯೇ ಮೀಟರ್ ಗೇಜ್. ಅರೆಲ್ ದ ಲಾ ನೋಯೆ ಎಂಬ ಎಂಜಿನಿಯರು ಅಲ್ಲಿಯ ಕಣಿವೆಗಳ ಮೇಲೆ ಕಾಂಕ್ರೀಟು ಇಟ್ಟಿಗೆಗಳಿಂದ ಅಗ್ಗದ, ಆದರೆ ಚೆಲುವಾದ ಕಮಾನುಸೇತುವೆಗಳನ್ನು ಕಟ್ಟಿದರು. ಸಂತೆಗೆ, ಬಂದರಿಗೆ ಹೋಗುವ ಪುಟ್ಟ ಗಾಡಿಗಳವು. ಮೋಟಾರು ಬಸ್ಸು ಬಂದ ಮೇಲೆ ಅವುಗಳಿಗೆ ಉಳಿವಿಲ್ಲದಾಯಿತು; 1956ರಲ್ಲಿ ಆ ಜಾಲ ಪೂರ್ತಿ ಮುಚ್ಚಿತು.

ನಮ್ಮಲ್ಲಿಯೂ ಇಂಥ ಪ್ರಯತ್ನ ಆಗದೆ ಇರಲಿಲ್ಲ. ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಕಾಡಿನೊಳಗೆ ಎರಡಡಿ ಅಗಲದ ಟ್ರಾಮು ಹೋಗುತ್ತಿತ್ತು. ಈಗ ಅದರ ಹಳಿಯಿಲ್ಲ. ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಎರಡೂವರೆ ಅಡಿಯ ಹಳಿಗಳಿದ್ದವು. ಅವು ಮುಂದೆ ಅಗಲವಾದವು. 1915ರ ಕಾಲದ ನಂದಿ ನಿಲ್ದಾಣದಂಥ ಕೆಲವು ಹೆಂಚಿನ ಕಟ್ಟಡಗಳು ಉಳಿದಿವೆ. ಬಯಲುಸೀಮೆಯ ಚನ್ನರಾಯಪಟ್ಟಣಕ್ಕೆ ಇಂಥ ಕಿರುಹಳಿಯಾದರೂ ಬರಲಿಲ್ಲ. ರಾಗಿಯನ್ನೂ ತೆಂಗಿನಕಾಯಿಯನ್ನೂ ಗಾಡಿಯೂ ಆಮೇಲೆ ಲಾರಿಯೂ ಹೊತ್ತವು.

ಹಳಿಯ ತುದಿಯನ್ನು ಸಮುದ್ರಕ್ಕೆ ಮುಟ್ಟಿಸುವ ಕೆಲಸ ಸ್ವಾತಂತ್ರ್ಯದ ನಂತರದ್ದು. ಕೇರಳದ ಕಡೆಯಿಂದ ಮಂಗಳೂರಿಗೆ 1907ರಲ್ಲೇ ರೈಲು ಬಂದಿದ್ದರೂ ಘಟ್ಟದ ಮೇಲಿನವರಿಗೆ ಅದು ಎಟುಕಲಿಲ್ಲ. 1960ರ ದಶಕದಲ್ಲಿ ಹಾಸನ-ಮಂಗಳೂರು ದಾರಿ ಮೊದಲಾಗಿ 1979ರಲ್ಲಿ ಮುಗಿಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು, ನೂರಕ್ಕೂ ಮಿಕ್ಕ ಸೇತುವೆಗಳು. 50 ಅಡಿ ಮುಂದೆ ಹೋದರೆ 1 ಅಡಿ ಏರು. ಹತ್ತುವ ಗಾಡಿಯನ್ನು ಹಿಂದಿನಿಂದ ಬೇರೆ ಎಂಜಿನುಗಳು ತಳ್ಳಬೇಕು. ಹಳಿ ಅಗಲ ಮಾಡುವ ಸಲುವಾಗಿ 1996ರಲ್ಲಿ ಗಾಡಿಗಳನ್ನು ನಿಲ್ಲಿಸಿದರು. ಸರಕಿನ ಗಾಡಿ 2006ರಲ್ಲಿ ಓಡಿತು. ಪ್ರಯಾಣಿಕರ ಗಾಡಿಗೆ 2007ರ ಡಿಸೆಂಬರ್ ಬರಬೇಕಾಯಿತು. ಇಲ್ಲಿಯೂ ಸರಕಿಗೇ ಮೊದಲ ಮಣೆ ಎಂಬುದನ್ನು ಗಮನಿಸಬೇಕು.

ಬಂದರು ಒಂದು ತುದಿ, ರಾಜಧಾನಿ ಇನ್ನೊಂದು ತುದಿ ಎಂದಾದ ಮೇಲೆ, ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಿ ಬರುವುದು ವ್ಯರ್ಥವೆಂದು ತೋರಿತು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರಾದ ಶ್ರೀ ಎಚ್. ಡಿ. ದೇವೇಗೌಡರು ಪ್ರಧಾನಮಂತ್ರಿಗಳಾಗಿದ್ದ 1996-97ರಲ್ಲಿ ಬೆಂಗಳೂರು-ಹಾಸನ ನೇರದಾರಿಗೆ ಮಂಜೂರಾತಿ ದೊರೆಯಿತು. 2006ರ ಮಹಾಮಸ್ತಕಾಭಿಷೇಕದ ಹೊತ್ತಿಗೆ ಹಾಸನದಿಂದ ಶ್ರವಣಬೆಳಗೊಳದವರೆಗೆ ಹಳಿ ಬಿದ್ದಿತು. ಅಲ್ಲಿಂದ ಕುಣಿಗಲ್, ನೆಲಮಂಗಲಗಳ ಕಡೆಯ ಭಾಗ ಬಹಳ ಕಾಲ ಎಳೆಯಿತು. 2017ರ ಮಾರ್ಚ್‌ನಲ್ಲಿ ಪೂರ್ಣದಾರಿ ತೆರೆಯಿತು. ಹಿರೀಸಾವೆಯ ನಿಲ್ದಾಣ ಈ ಭಾಗದ್ದು. ಮಂಗಳೂರಿನ ಹೆದ್ದಾರಿ ಮೊದಲೇ ಇದ್ದ ಊರಿಗೆ ಅದೇ ದಿಕ್ಕಿನ ಹಳಿ ಎರಡನೆಯದಾಗಿ ಬಂದಿತು. ಬ್ರಿಟನಿಯಲ್ಲಿ ಬಸ್ಸು ರೈಲನ್ನು ಓಡಿಸಿತು. ಇಲ್ಲಿ ಬಸ್ಸಿನ ಹಿಂದೆ ರೈಲು ಬಂದಿತು.

ಆದುದರಿಂದ ನಿಲ್ದಾಣದ ಫಲಕವನ್ನು ಕಂಡು ತೃಪ್ತರಾಗುವುದಕ್ಕಿಂತ ಅಲ್ಲಿ ಎಷ್ಟು ಗಾಡಿ ನಿಲ್ಲುತ್ತದೆ, ಯಾವ ಹೊತ್ತಿಗೆ ನಿಲ್ಲುತ್ತದೆ ಎಂಬುದನ್ನು ಎಣಿಸುವುದು ಒಳ್ಳೆಯದು. ವೇಗದ ಗಾಡಿ ಎರಡು ತುದಿಗಳಿಗಾಗಿ ಓಡುತ್ತದೆ. ಬೆಳಗಿನ ಪಾಠಕ್ಕೆ, ಕಚೇರಿಗೆ, ಆಸ್ಪತ್ರೆಗೆ ಹೋಗುವವರಿಗೆ ಬೇಕಾದುದು ಎಲ್ಲೆಡೆ ನಿಲ್ಲುವ ನಿಧಾನದ ಗಾಡಿ. ಭೂಗೋಳ, ಅರ್ಥಶಾಸ್ತ್ರಗಳ ವಿದ್ಯಾರ್ಥಿಗಳು ಒಂದು ವಾರ ನಿಲ್ದಾಣದಲ್ಲಿ ಕುಳಿತು ಹತ್ತುವವರನ್ನೂ ಇಳಿಯುವವರನ್ನೂ ಎಣಿಸಿ, ಅದೇ ವಾರ ಬಸ್ಸು ನಿಲ್ಲುವ ಕಡೆಯೂ ಎಣಿಸಿದರೆ, ಗಾಡಿ ಬೇಕೆಂದು ಅರ್ಜಿ ಬರೆಯುವವರಿಗೆ ಕೈಯಲ್ಲಿ ಲೆಕ್ಕವಿರುತ್ತದೆ. ಅರಕಲಗೂಡಿಗಂತೂ ಇನ್ನೂ ಎಣಿಸುವುದಕ್ಕೆ ನಿಲ್ದಾಣವೇ ಇಲ್ಲ. ಅಲ್ಲಿಯವರು ಹಾಸನಕ್ಕೋ ಹೊಳೆನರಸೀಪುರಕ್ಕೋ ಬಂದೇ ರೈಲು ಹತ್ತಬೇಕು.