ಎಣ್ಣೂರಿಗೆ ಬರುವ ಮುಂಚೆ

ಮಗಳೇ,

ಮೊನ್ನೆ ನೀನು ಕೇಳಿದ್ದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಕಾಗದ ಬರೆಯಲು ಕುಳಿತೆ. "ದೊಡ್ಡಮ್ಮಾ, ತೊರೈಪಾಕ್ಕಂನಲ್ಲಿ ಬಾಡಿಗೆ ಇಪ್ಪತ್ತೆಂಟು ಸಾವಿರ ಆಯ್ತು. ನಿಮ್ಮ ಕಡೆ ಹನ್ನೆರಡಕ್ಕೇ ಮನೆ ಸಿಗತ್ತಂತೆ. ಮೆಟ್ರೋ ಹೇಗೂ ವಿಮ್ಕೋ ನಗರದವರೆಗೆ ಬಂದಿದೆ. ಎಣ್ಣೂರಿಗೇ ಬಂದುಬಿಡಲಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಊರು ಸಾಕಾಯ್ತು ಅನ್ನಿಸತ್ತೆ, ಬಿಟ್ಟು ಹೋಗೋಕೂ ಮನಸ್ಸು ಬರಲ್ಲ" ಅಂದೆ. ನಿನ್ನ ಹಾಗೇ ಯೋಚಿಸುವ ನಮ್ಮ ಕಡೆಯ ಹುಡುಗ ಹುಡುಗಿಯರು ಚೆನ್ನೈಯಲ್ಲೂ ಬೆಂಗಳೂರಿನಲ್ಲೂ ಬೇಕಾದಷ್ಟು ಜನ ಇದ್ದಾರೆ. ಅವರೂ ಓದಲಿ ಎಂದು, ನಿನ್ನ ಹೆಸರು ಹಾಕದೆ, ಇದನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ.

ನಾವು ಚೆನ್ನೈಯ ಉತ್ತರ ತುದಿಯ ಈ ಎಣ್ಣೂರಿಗೆ ಬಂದದ್ದೂ ಬಾಡಿಗೆ ಕಡಿಮೆ ಎಂದೇ. ಅದು 1981. ನಿನ್ನ ದೊಡ್ಡಪ್ಪನಿಗೆ ಲೇಲ್ಯಾಂಡ್ ಲಾರಿ ಕಾರ್ಖಾನೆಯಲ್ಲಿ ಕೆಲಸವಾಗಿ ಎರಡು ವರ್ಷವಾಗಿತ್ತು. ಮದುವೆಯಾದ ಹೊಸತು. ಕುಂದಾಪುರದಿಂದ ಬಸ್ಸಿನಲ್ಲಿ ಮಂಗಳೂರು, ಅಲ್ಲಿಂದ ರೈಲು. ನಮ್ಮವರಿಗೆ ಮದ್ರಾಸು ಪರದೇಶವೇನೂ ಆಗಿರಲಿಲ್ಲ. 1956ರಲ್ಲಿ ರಾಜ್ಯಗಳನ್ನು ಹೊಸದಾಗಿ ವಿಂಗಡಿಸುವವರೆಗೆ ನಮ್ಮ ಜಿಲ್ಲೆಯೇ ಮದ್ರಾಸಿಗೆ ಸೇರಿತ್ತು. ವುಡ್‌ಲ್ಯಾಂಡ್ಸಿನ ಕೃಷ್ಣರಾಯರ ಹಾಗೆ ಹೋಟೆಲು ಕಟ್ಟಿ ಹೆಸರು ಮಾಡಿದವರನ್ನು ಎಲ್ಲರೂ ನೆನೆಯುತ್ತಾರೆ. ಅದೇ ಹೋಟೆಲುಗಳಲ್ಲಿ ಲೋಟ ತೊಳೆದು ಊರಿಗೆ ಮನಿಯಾರ್ಡರು ಕಳಿಸಿದವರಲ್ಲಿ ನಿನ್ನ ಅಜ್ಜನ ತಮ್ಮನೂ ಒಬ್ಬರು. ಟಿ. ನಗರದ ಹತ್ತಿರ ಮನೆ ನೋಡಿಕೊಳ್ಳಿ, ಅಲ್ಲಿ ಕರ್ನಾಟಕ ಸಂಘವಿದೆ, ನಮ್ಮವರಿದ್ದಾರೆ ಎಂದು ಅವರು ಹೇಳಿದ್ದರು. ಅಲ್ಲಿಯ ಬಾಡಿಗೆ ಕೇಳಿದ ಮೇಲೆ ನಾವು ಇಲ್ಲೇ ಎಣ್ಣೂರಿನ ಕತ್ತಿವಾಕ್ಕಂನಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಹಿಡಿದೆವು.

ಬಂದ ವಾರವೇ ದೊಡ್ಡಪ್ಪ ಅಳಿವೆ ತೋರಿಸಲು ಕರೆದುಕೊಂಡು ಹೋದರು. ಕೊಸಸ್ತಲೈಯಾರು ಸಮುದ್ರಕ್ಕೆ ಸೇರುವ ಜಾಗ. ನೀರು, ಮರಳಿನ ದಿಬ್ಬ, ಕಾಂಡ್ಲಾ ಗಿಡ, ಬಲೆ ಒಣಹಾಕಿದ ದೋಣಿಗಳು. ನನಗೆ ನಮ್ಮೂರ ಪಕ್ಕದ ಗಂಗೊಳ್ಳಿಯೇ ಕಣ್ಣಿಗೆ ಕಟ್ಟಿತು. ಎದೆಮಟ್ಟದ ನೀರಿನಲ್ಲಿ ನಿಂತು ಬರಿಗೈಯಲ್ಲಿ ಕೆಸರು ತಡವಿ ಸಿಗಡಿ ಹಿಡಿದು, ಹಲ್ಲಿನಲ್ಲಿ ಕಚ್ಚಿ ಹಿಡಿದ ಬುಟ್ಟಿಗೆ ಹಾಕುವ ಜನರನ್ನು ಕಂಡೆ. ಇಂಥ ಊರಲ್ಲಿ ಬದುಕಬಹುದು ಎಂದು ಧೈರ್ಯ ಬಂದದ್ದು ಆಗಲೇ.

ನನ್ನ ಲೆಕ್ಕದ ಪುಸ್ತಕಗಳು ನಿನಗೆ ಗೊತ್ತಲ್ಲ, ಟ್ರಂಕಿನಲ್ಲಿ ಇಟ್ಟಿರುವ ಉದ್ದನೆಯ ನೋಟ್‌ಬುಕ್ಕುಗಳು. ನಿನ್ನ ಫೋನು ಬಂದ ರಾತ್ರಿ ತೆಗೆದು ಕುಳಿತೆ. ಮೊದಲ ಪುಸ್ತಕದಲ್ಲಿ ಸಾಲುಗಳು ಏಳೇ: ಬಾಡಿಗೆ, ಅಕ್ಕಿ, ಹಾಲು, ಸೀಮೆಎಣ್ಣೆ, ಮೀನು, ರೈಲಿನ ಖರ್ಚು, ಊರಿಗೆ ಕಳಿಸಿದ್ದು. 1986ರ ಮಳೆಗಾಲದಲ್ಲಿ ಎಂಟನೆಯ ಸಾಲು ಶುರುವಾಗುತ್ತದೆ. ಅದರ ತಲೆಗೆ ಹೆಸರೂ ಬರೆದಿಲ್ಲ, ಬರಿಯ "ಔ" ಎಂಬ ಅಕ್ಷರ. ಔಷಧ. ಮಗನಿಗೆ ಆಗ ಮೂರು ವರ್ಷ, ರಾತ್ರಿ ಎದೆ ಸುಂಯ್‌ಗುಡುತ್ತಿತ್ತು. ಮೊದಲು ಸಣ್ಣ ಮೊತ್ತ, ಸಿರಪ್ಪಿನ ದುಡ್ಡು. ಆಮೇಲೆ ಡಾಕ್ಟರ ಫೀಸು, ಇಂಜೆಕ್ಷನ್ನು. ಆಟೋದಲ್ಲಿ ಸ್ಟಾನ್ಲಿ ಆಸ್ಪತ್ರೆಗೆ ಓಡಿದ ರಾತ್ರಿಯ ಖರ್ಚೂ ಅದೇ ಸಾಲಿನಲ್ಲಿದೆ. 1990ರ ಪುಸ್ತಕದಲ್ಲಿ ಮೂರು ತಿಂಗಳು "ಔ" ಸಾಲಿನ ಮೊತ್ತ ಬಾಡಿಗೆಯ ಮೊತ್ತವನ್ನು ದಾಟಿದೆ. ಬರೆಯುವಾಗ ನಾನು ಇದನ್ನು ಗಮನಿಸಿರಲೇ ಇಲ್ಲ. ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದು ಈಗ, ನಿನ್ನಿಂದಾಗಿ.

ಮಗನ ಎದೆಯ ಸದ್ದಿಗೆ ಇಲ್ಲಿಯ ಗಾಳಿಯೇ ಕಾರಣ ಎಂದು ಯಾವ ಡಾಕ್ಟರೂ ಬರೆದುಕೊಡಲಿಲ್ಲ. ನಾನು ಹೇಳಬಲ್ಲದ್ದು ಎರಡೇ. ಬಿಳಿ ಪಂಚೆ ಒಗೆದು ತಾರಸಿಯಲ್ಲಿ ಹರವಿದರೆ ಸಂಜೆ ಅದರ ಮಡಿಕೆಯಲ್ಲಿ ಬೂದುಬಣ್ಣದ ನುಣುಪು ಪುಡಿ ಇರುತ್ತಿತ್ತು. ಒದ್ದೆ ಬೆರಳಿಂದ ಒರೆಸಿದರೆ ಗೆರೆ ಮೂಡುತ್ತಿತ್ತು. ಇನ್ನೊಂದು, ಬೇಸಿಗೆ ರಜೆಗೆ ಕುಂದಾಪುರಕ್ಕೆ ಹೋದರೆ ಮೂರನೆಯ ರಾತ್ರಿಗೆ ಮಗನ ಎದೆಯ ಸದ್ದು ನಿಲ್ಲುತ್ತಿತ್ತು. ಜೂನಿನಲ್ಲಿ ವಾಪಸು ಬಂದರೆ ಮತ್ತೆ ಶುರು.

ಮಗಳೇ, ನಿನಗೆ ಬಾಡಿಗೆ ಅರ್ಧಕ್ಕಿಂತ ಕಡಿಮೆ ಎಂದು ಕಾಣುವ ಈ ಜಾಗದಲ್ಲಿ ಏನೇನಿದೆ ಎಂದು ತಿಳಿದುಕೋ. ಅಳಿವೆಯ ಸುತ್ತ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಿವೆ. ವಲ್ಲೂರಿನದು ಒಂದೇ 1500 ಮೆಗಾವಾಟ್. ಕಲ್ಲಿದ್ದಲು ಇಳಿಸಲೆಂದೇ 2001ರಲ್ಲಿ ಶುರುವಾದ ಬಂದರು ಇಲ್ಲೇ, ಈಗ ಅದರ ಹೆಸರು ಕಾಮರಾಜರ್ ಬಂದರು. ಪಕ್ಕದ ಮನಲಿಯಲ್ಲಿ ತೈಲ ಶುದ್ಧೀಕರಣ, ರಸಗೊಬ್ಬರ. ಕಲ್ಲಿದ್ದಲು ಸುಟ್ಟ ಬೂದಿಯನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಹೊಂಡಕ್ಕೆ ಸಾಗಿಸುತ್ತಾರೆ. ಆ ಕೊಳವೆಗಳು ಸೋರಿ ಸೋರಿ ಬೂದಿ ಅಳಿವೆಗೆ ಇಳಿದು ಹೂಳು ತುಂಬಿದೆ. ಎದೆಮಟ್ಟದ ನೀರು ಎಂದೆನಲ್ಲ, ಅಂಥ ಕಡೆ ಈಗ ಮೊಣಕಾಲು ಮುಳುಗುವುದೂ ಕಷ್ಟ.

2017ರ ಜನವರಿ 28ರ ನಸುಕಿನಲ್ಲಿ ಬಂದರಿನ ಹೊರಗೆ ಎರಡು ಹಡಗು ಡಿಕ್ಕಿಯಾಗಿ ತೈಲ ಚೆಲ್ಲಿತು. ದಡಕ್ಕೆ ಬಡಿದ ಕರಿ ರಾಡಿಯನ್ನು ಹುಡುಗರು ಬಕೆಟ್ಟಿನಲ್ಲಿ ಎತ್ತಿದ್ದನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜೊತೆಗೆ ಮನಲಿ ಕಡೆಯಿಂದ ಎಣ್ಣೆ ಹರಿದು ಬಂತು. ದೋಣಿ, ಬಲೆ, ಮನೆಯ ಗೋಡೆ, ಎಲ್ಲ ಕಪ್ಪು. ಅದನ್ನು ತಿಕ್ಕಿ ಮುಗಿಸುವ ಮುಂಚೆ, ಅದೇ ತಿಂಗಳ 26ರ ಮಧ್ಯರಾತ್ರಿ, ಕಾರ್ಖಾನೆಯೊಂದರ ಸಮುದ್ರದೊಳಗಿನ ಕೊಳವೆಯಿಂದ ಅಮೋನಿಯಾ ಸೋರಿತು. ಪೆರಿಯಕುಪ್ಪಂ, ಚಿನ್ನಕುಪ್ಪಂ ಎಂಬ ಮೀನುಗಾರರ ಕುಪ್ಪಗಳ, ಅಂದರೆ ಕೇರಿಗಳ, ಜನ ಕಣ್ಣುರಿಯಿಂದ ಎದ್ದು, ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಓಡಿದರು. ಹಲವಾರು ಮಂದಿ ಆಸ್ಪತ್ರೆ ಸೇರಿದರು. ನಮ್ಮ ಬೀದಿಯಲ್ಲಿ ನಾವೂ ಒದ್ದೆ ಟವೆಲು ಮೂಗಿಗೆ ಹಿಡಿದು ಬೆಳಗಿನವರೆಗೆ ನಿಂತಿದ್ದೆವು. ಮರುದಿನ ನೀನು ಫೋನು ಮಾಡಿದಾಗ "ಏನೂ ಇಲ್ಲ ಮಗಾ" ಅಂದಿದ್ದೆ. ಅದು ಸುಳ್ಳು.

ಚೆನ್ನೈ ಬೆಳೆದದ್ದು ಒಳ್ಳೆಯದೇ. ನೀನು ಓದಿದ ಓದಿಗೆ ಕೆಲಸ ಕೊಟ್ಟ ಊರು ಅದು. ಆದರೆ ನಿನ್ನ ಆಫೀಸಿನ ಇಪ್ಪತ್ತನಾಲ್ಕು ಗಂಟೆಯ ಎ.ಸಿ.ಗೆ, ಲಿಫ್ಟಿಗೆ, ಬೆಳಕಿಗೆ ಬೇಕಾದ್ದನ್ನು ಸುಡುವುದು, ಸುಟ್ಟದ್ದನ್ನು ಸುರಿಯುವುದು ನಮ್ಮ ಬಾಗಿಲಲ್ಲಿ. ಆ ಖರ್ಚು ನಿನ್ನ ಕರೆಂಟ್ ಬಿಲ್ಲಿನಲ್ಲಿ ಕಾಣುವುದಿಲ್ಲ. ನನ್ನ ಎಂಟನೆಯ ಸಾಲಿನಲ್ಲಿ ಕಂಡಿದೆ, ಮೀನುಗಾರ ಹೆಂಗಸಿನ ಖಾಲಿ ಬುಟ್ಟಿಯಲ್ಲಿ ದಿನಾ ಕಾಣುತ್ತದೆ.

ಇನ್ನು ನಿನ್ನದೇ ಲೆಕ್ಕ ನೋಡು. ಬಾಡಿಗೆಯಲ್ಲಿ ತಿಂಗಳಿಗೆ ಹದಿನಾರು ಸಾವಿರ ಉಳಿಯುತ್ತದೆ. ನಮ್ಮ ಮನೆಯಿಂದ ವಿಮ್ಕೋ ನಗರಕ್ಕೆ ಶೇರ್ ಆಟೋ, ಅಲ್ಲಿಂದ ಗಿಂಡಿಗೆ ಮೆಟ್ರೋ, ಗಿಂಡಿಯಿಂದ ನಿನ್ನ ಆಫೀಸಿರುವ ತೊರೈಪಾಕ್ಕಂಗೆ ಬಸ್ಸು. ಹೋಗುವುದಕ್ಕೆ ಎರಡು ಗಂಟೆ, ಬರುವುದಕ್ಕೆ ಎರಡು. ಆ ಕಡೆಯ ಒಎಂಆರ್ ರಸ್ತೆಯ ಮೆಟ್ರೋ ಇನ್ನೂ ಕಟ್ಟುತ್ತಲೇ ಇದ್ದಾರೆ. ತಿಂಗಳಿಗೆ ಇಪ್ಪತ್ತು ದಿನ ಹಿಡಿದರೂ ಎಂಬತ್ತು ಗಂಟೆ. ಹದಿನಾರು ಸಾವಿರವನ್ನು ಎಂಬತ್ತರಿಂದ ಭಾಗಿಸು, ಗಂಟೆಗೆ ಇನ್ನೂರು ರೂಪಾಯಿ. ಅದರಲ್ಲಿ ನಿಮ್ಮಿಬ್ಬರ ಓಡಾಟದ ದುಡ್ಡು ಕಳೆ, ನಿನ್ನ ಗಂಡನ ಎಂಬತ್ತು ಗಂಟೆಯನ್ನೂ ಲೆಕ್ಕಕ್ಕೆ ಹಿಡಿ. ನಿಮ್ಮ ಮಗುವಿನ ಸಂಜೆಯನ್ನು ಗಂಟೆಗೆ ನೂರು ರೂಪಾಯಿಗೂ ಕಡಿಮೆಗೆ ಕೊಟ್ಟಂತಾಯಿತು. ನಿನ್ನ ದೊಡ್ಡಪ್ಪ ಹತ್ತು ನಿಮಿಷ ನಡೆದರೆ ಕಾರ್ಖಾನೆ. ಸೈರನ್ನು ಆದ ಮೇಲೆ ಮನೆಗೆ ಬಂದು ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ನಮಗೆ ಎಣ್ಣೂರು ಒದಗಿದ್ದು ಆ ಹತ್ತು ನಿಮಿಷದಿಂದ. ನಿನಗೆ ಅದಿಲ್ಲ.

ಹಾಗಾದರೆ ಬೆಂಗಳೂರಿಗೇ ವಾಪಸು ಹೋಗೋಣ ಎನ್ನುತ್ತಾನಂತೆ ನಿನ್ನ ಗಂಡ. ಅಲ್ಲಿಯೂ 2025ರ ಜನವರಿಯಲ್ಲಿ ಬಸ್ ದರ ಏರಿತು, ಮರುತಿಂಗಳು ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು, ಏಪ್ರಿಲಿನಲ್ಲಿ ನಂದಿನಿ ಹಾಲಿಗೆ ಲೀಟರಿಗೆ ನಾಲ್ಕು ರೂಪಾಯಿ ಕೂಡಿತು. ಮನೆಯ ಹಂಬಲಕ್ಕೆ ಹೋಗುವುದಾದರೆ ಹೋಗಿ, ಅದು ಬೇರೆ ಮಾತು. ಖರ್ಚಿಗೆ ಹೆದರಿ ಓಡಬೇಡಿ.

ಇರುವ ಕಡೆಯೇ ಹಿಡಿತ ತರಲು ಸಾಧ್ಯವಾ ನೋಡು. ಮನೆಯವರ ಹತ್ತಿರ ಬಾಡಿಗೆ ಕರಾರು ಬರಹದಲ್ಲಿ ಕೇಳು. ತಮಿಳುನಾಡಿನ 2017ರ ಬಾಡಿಗೆ ಕಾನೂನು, ಬೇರೆ ಒಪ್ಪಂದ ಇಲ್ಲದಿದ್ದರೆ, ಮುಂಗಡವನ್ನು ಮೂರು ತಿಂಗಳ ಬಾಡಿಗೆಗೆ ಮಿತಿಗೊಳಿಸಿದೆ. ನೀನು ಹತ್ತು ತಿಂಗಳದ್ದು ಕೊಟ್ಟು ಕುಳಿತಿದ್ದೀ. ಕರೆಂಟಿನ ಇ.ಬಿ. ಮೀಟರು ನಿಮ್ಮ ಮನೆಗೇ ಬೇರೆ ಇದೆಯಾ ಎಂದು ಕೇಳು. ಎರಡು ತಿಂಗಳಿಗೆ ಮೊದಲ ನೂರು ಯೂನಿಟ್ಟಾದರೂ ಇಲ್ಲಿ ಪುಕ್ಕಟೆ. ಮಾಲೀಕರು ತಾವೇ ಸಬ್‌ಮೀಟರು ಹಾಕಿ ಯೂನಿಟ್ಟಿಗೆ ಇಷ್ಟೆಂದು ವಸೂಲಿ ಮಾಡಿದರೆ ಅದು ನಿನಗೆ ಸಿಗುವುದಿಲ್ಲ. ಲಾರಿ ನೀರಿಗೆ, ಕ್ಯಾನ್ ನೀರಿಗೆ ತಿಂಗಳಿಗೆ ಎಷ್ಟಾಗುತ್ತದೆ ಎಂದು ಒಂದು ಸಲ ಬರೆದಿಡು. ಅದನ್ನೂ ಕೂಡಿಸಿದರೆ ಒಳಗಿನ ಬೀದಿಯ ಹಳೆಯ ಮನೆ, ಸರ್ಕಾರದ ಮೆಟ್ರೋ ವಾಟರಿನ ನಲ್ಲಿ ಇರುವಂಥದ್ದು, ಲಿಫ್ಟಿಲ್ಲದಿದ್ದರೂ ಮೇಲೇ. ಮತ್ತೆ, ಮೂವತ್ತನೆಯ ವಯಸ್ಸಿಗೇ ಫ್ಲ್ಯಾಟು ಬೇಕು ಎಂದು ಇಬ್ಬರ ಸಂಬಳವನ್ನೂ ಇ.ಎಂ.ಐ.ಗೆ ಕಟ್ಟಿಹಾಕಬೇಡಿ. ಇಬ್ಬರಲ್ಲಿ ಒಬ್ಬರ ಕೆಲಸ ಹೋದರೂ ಆರು ತಿಂಗಳು ಅನ್ನ ಉಣ್ಣುವಷ್ಟು ಮೊದಲು ಕೂಡಲಿ. ಕಾರ್ಖಾನೆಗೆ ಆರ್ಡರು ಬರದೆ ವಾರಕ್ಕೆ ಮೂರೇ ದಿನ ಕೆಲಸವಿದ್ದ ಕಾಲದಲ್ಲಿ ನಮ್ಮನ್ನು ದಾಟಿಸಿದ್ದು ಬೀದಿಯ ಹೆಂಗಸರ ಚೀಟಿಯ ಹಣ.

ಈಗ ನೀನು ದನಿ ತಗ್ಗಿಸಿ ಹೇಳಿದೆಯಲ್ಲ, ಅದಕ್ಕೆ ಬರುತ್ತೇನೆ. ಸಾಕೆನ್ನಿಸುವುದೂ ಬಿಡಲಾಗದಿರುವುದೂ ಒಟ್ಟಿಗೇ ಇರುವುದಕ್ಕೆ ನೀನು ನಾಚಬೇಕಾಗಿಲ್ಲ. ನನಗೆ ನಲವತ್ತು ವರ್ಷ ದಾಟಿದರೂ ಹಾಗೇ ಇದೆ. ಮಗ ಓದಿ ಕೆಲಸ ಹಿಡಿದದ್ದು ಇಲ್ಲಿ. ಕೈಲಾಗದವರಿಗೂ ಹೊಟ್ಟೆಗೆ ದಾರಿ ಇಟ್ಟ ಊರು ಇದು. ರೇಷನ್ ಕಾರ್ಡಿಗೆ ಅಕ್ಕಿ 2011ರಿಂದ ಪುಕ್ಕಟೆ, 2013ರಲ್ಲಿ ಒಂದು ರೂಪಾಯಿಗೆ ಇಡ್ಲಿ ಕೊಟ್ಟಿತು, 2021ರಿಂದ ಸಾದಾ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಶುಕ್ರವಾರ ನಾನು ಕಾಸಿಲ್ಲದೆ ತಿರುವೊಟ್ರಿಯೂರಿನ ವಡಿವುಡೈ ಅಮ್ಮನ ಗುಡಿಗೆ ಹೋಗಿ ಬರುತ್ತೇನೆ. ನೆರೆಯ ದಿನ ನನ್ನನ್ನು ಮಹಡಿಗೆ ಹತ್ತಿಸಿ, ತನ್ನ ಮನೆಯ ಬೆಡ್‌ಶೀಟು ಹೊದಿಸಿದವಳು ಕುಪ್ಪದ ಮೀನಿನ ಹೆಂಗಸು. ಅವಳ ಸ್ವಂತ ಮನೆಯೊಳಗೆ ಆಗ ಎಣ್ಣೆನೀರು ನಿಂತಿತ್ತು. ಇದನ್ನೆಲ್ಲ ಬಿಟ್ಟು ಹೋಗು ಎಂದರೆ ನನ್ನ ಕಾಲು ಏಳುವುದಿಲ್ಲ. ಗಾಳಿಯ ವಾಸನೆ ಬದಲಾದ ರಾತ್ರಿ ಯಾಕಾದರೂ ಇಲ್ಲಿ ಉಳಿದೆವೋ ಎಂದು ಎದೆ ಹೊಡೆದುಕೊಳ್ಳುತ್ತದೆ. ಎರಡೂ ನಿಜ. ಒಂದನ್ನು ಒತ್ತಿಹಾಕಿದರೆ ನಾನು ಊರನ್ನು ಬಯ್ಯುತ್ತಲೋ ಹೊಗಳುತ್ತಲೋ ಕಾಲ ಕಳೆಯುತ್ತಿದ್ದೆ. ಎರಡೂ ಇರುವುದರಿಂದಲೇ 2024ರ ಡಿಸೆಂಬರಿನಲ್ಲಿ, ಇಲ್ಲಿ 660 ಮೆಗಾವಾಟಿನ ಮತ್ತೊಂದು ಸ್ಥಾವರದ ಬಗ್ಗೆ ಜನಾಭಿಪ್ರಾಯ ಸಭೆ ಕರೆದಾಗ, ಮೊಣಕಾಲು ನೋವಿನಲ್ಲೂ ಹೋಗಿ ಕುಪ್ಪದ ಹೆಂಗಸರ ಜೊತೆ ಕುಳಿತೆ.

ಅಳಿವೆಯಂಥ ಜಾಗಕ್ಕೆ ನಮ್ಮ ಕಡೆಯ ಪಹಣಿಯಲ್ಲಿ ಪರಂಬೋಕು ಎಂಬ ಮಾತು ಬರುತ್ತದೆ, ನೋಡಿದ್ದೀಯಾ? ಹೊಳೆ, ದಾರಿ, ಮೇಯುವ ಬಯಲು, ಯಾರೊಬ್ಬರ ಪಾಲಿಗೂ ಬರೆಯದ ಜಾಗ. ತಮಿಳರ ಬಾಯಲ್ಲಿ ಪೊರಂಬೋಕ್ಕು ಈಗ ಬೈಗುಳ, ಕೆಲಸಕ್ಕೆ ಬಾರದವನು ಎಂದು ಅರ್ಥ. ಸಂಗೀತಗಾರ ಟಿ.ಎಂ. ಕೃಷ್ಣ 2017ರಲ್ಲಿ ಆ ಮಾತಿನ ಮೇಲೆಯೇ ಎಣ್ಣೂರಿನ ಅಳಿವೆಗಾಗಿ ಹಾಡು ಹಾಡಿದರು. ಎಲ್ಲರದ್ದೂ ಆದ ನೀರು ಯಾರಿಗೂ ಬೇಡವಾಗಿ ಬೈಗುಳವಾಯಿತಲ್ಲ ಎಂಬ ಸಂಕಟ ನನಗೆ ಆ ಹಾಡು ಕೇಳಿದಾಗಲೆಲ್ಲ ಆಗುತ್ತದೆ. ಮುಂದಿನ ಸಲ ಜನಾಭಿಪ್ರಾಯ ಸಭೆ ಕರೆದರೆ ನಿನಗೂ ಹೇಳುತ್ತೇನೆ. ರಜೆ ಹಾಕಿ ಬಾ. ನಿನ್ನ ಆಫೀಸಿನಿಂದ ಇನ್ನೂ ನಾಲ್ಕು ಜನರನ್ನು ಕರೆದುಕೊಂಡು ಬಾ.

ಎಣ್ಣೂರಿಗೆ ಬರಬೇಡ ಎಂದು ನಾನು ಖಡಾಖಂಡಿತವಾಗಿ ಹೇಳುವುದಿಲ್ಲ. ಮನೆ ಹಿಡಿಯುವ ಮುಂಚೆ ನಮ್ಮಲ್ಲಿ ಬಂದು ಒಂದು ವಾರ ಇರು. ಶನಿವಾರ ಸಂಜೆ ಸೆಂಟ್ರಲಿನಿಂದ ಗುಮ್ಮಿಡಿಪೂಂಡಿ ಲೋಕಲ್ ಹತ್ತಿ ಕತ್ತಿವಾಕ್ಕಂನಲ್ಲಿ ಇಳಿ, ದೊಡ್ಡಪ್ಪ ಸ್ಟೇಷನ್ನಿಗೆ ಬರುತ್ತಾರೆ. ಮಗುವಿನ ಬಿಳಿ ಅಂಗಿ ಎರಡು ತಾ, ತಾರಸಿಯಲ್ಲಿ ಹಾಕೋಣ. ಸೋಮವಾರ ಇಲ್ಲಿಂದಲೇ ಆಫೀಸಿಗೆ ಹೋಗಿ ಬಾ, ಗಡಿಯಾರ ನೋಡಿಕೋ. ರಾತ್ರಿ ಮಗುವಿನ ಪಕ್ಕ ಮಲಗಿ ಅದರ ಉಸಿರು ಕೇಳಿಸಿಕೋ. ನಿನ್ನ ಖರ್ಚಿನ ಪುಸ್ತಕವನ್ನೂ ತೆಗೆದುಕೊಂಡು ಬಾ, ಫೋನಿನಲ್ಲಿದ್ದರೆ ಹಾಳೆಗೆ ಇಳಿಸಿ ತಾ. ನನ್ನದರ ಪಕ್ಕ ಇಟ್ಟು ನೋಡೋಣ. ಭಾನುವಾರಕ್ಕೆ ಕುಪ್ಪದ ಆ ಹೆಂಗಸಿಗೆ ಸಿಗಡಿ ಹೇಳಿಟ್ಟಿದ್ದೇನೆ. ಅಳಿವೆಯದ್ದು ಸಿಕ್ಕರೆ ಅದೇ, ಇಲ್ಲದಿದ್ದರೆ ಕಾಶಿಮೇಡಿನ ಮೀನು ಬಂದರಿನಿಂದ ತರಿಸುತ್ತಾಳಂತೆ.

ನಿನ್ನ ದೊಡ್ಡಮ್ಮ
ಕತ್ತಿವಾಕ್ಕಂ, ಎಣ್ಣೂರು